ಆ ಎಲೆ ಸುಡಬೇಡಿ, ಮಣ್ಣಿಗೆ ಹೊದಿಸಿ

(ಧಾರವಾಡದ ನಮ್ಮ ಬಡಾವಣೆಯ ಪಾರ್ಕಿನಲ್ಲಿ, ಯುಗಾದಿಗೆ ಮುಂಚಿನ ಭಾನುವಾರ, ಕೈತೋಟ ಮಾಡುವವರ ಮುಂದೆ ಆಡಿದ ಮಾತು. ಬರೆಯುವಾಗ ಕೆಲವು ಕಡೆ ಬಿಡಿಸಿ ಹೇಳಿದ್ದೇನೆ. ಆಮೇಲೆ ಬಂದ ಪ್ರಶ್ನೆಗಳೂ ಇವೆ.)

ಎಲ್ಲರಿಗೂ ನಮಸ್ಕಾರ. ಮಾತು ಶುರು ಮಾಡುವ ಮೊದಲು ಈ ಎರಡು ಬುಟ್ಟಿ ಕೈಯಿಂದ ಕೈಗೆ ದಾಟಲಿ. ಎರಡರಲ್ಲೂ ನಮ್ಮ ಹಿತ್ತಲ ಮಣ್ಣೇ ಇದೆ. ಒಂದೇ ಎರೆ ಮಣ್ಣು, ಅಂದರೆ ಕಪ್ಪು ಜೇಡಿ ಮಣ್ಣು, ಅಗೆದ ಜಾಗಗಳ ನಡುವೆ ಹತ್ತು ಹೆಜ್ಜೆಯೂ ಇಲ್ಲ. ಎರಡಕ್ಕೂ ನೀರು ಬಿಟ್ಟು ಇವತ್ತಿಗೆ ಐದು ದಿನ. ಮೊದಲನೆಯದನ್ನು ಮುಟ್ಟಿ ನೋಡಿ, ಬರೀ ಹೆಂಟೆ. ಒಡೆಯಲು ಹೋದರೆ ಉಗುರು ನೋಯುತ್ತದೆ. ಎರಡನೆಯದನ್ನು ಮುಷ್ಟಿಯಲ್ಲಿ ಹಿಡಿದು ಸ್ವಲ್ಪ ಒತ್ತಿ, ಆಮೇಲೆ ಬಿಡಿ. ಸರಿಯಾಗಿ ಪಾಕ ಹಿಡಿಯದ ರವೆ ಉಂಡೆಯ ಹಾಗೆ ಪುಡಿಪುಡಿಯಾಗಿ ಉದುರುತ್ತದೆ, ಅಲ್ವಾ? ಮೂಗಿನ ಹತ್ತಿರ ಹಿಡಿಯಿರಿ. ಮೊದಲ ಮಳೆ ಬಿದ್ದಾಗ ಬರುವ ವಾಸನೆ ಅದು. ಅದರೊಳಗೆ ಬಿಳಿ ನೂಲಿನಂಥ ಎಳೆ ಕಂಡರೆ ಹೆದರಬೇಡಿ, ಅದು ಎಲೆಯನ್ನು ಕರಗಿಸಿ ಮಣ್ಣು ಮಾಡುವ ಶಿಲೀಂಧ್ರ. ಗಿಡಕ್ಕೆ ರೋಗ ಅಲ್ಲ.

ಎರಡೂ ಬುಟ್ಟಿಗೆ ಇರುವ ಫರಕು ಒಂದೇ. ಮೊದಲನೆಯ ಜಾಗ ಬಿಸಿಲಿಗೆ ಬರಿಮೈ ಒಡ್ಡಿಕೊಂಡು ಕೂತಿತ್ತು. ಎರಡನೆಯದರ ಮೇಲೆ ನಾಲ್ಕು ಬೆರಳು ದಪ್ಪ ಒಣಗಿದ ಬೇವಿನ ಎಲೆ, ಜೋಳದ ಕಣಿಕೆಯ ಚೂರು, ಹೋದ ದೀಪಾವಳಿಯ ಚೆಂಡು ಹೂವಿನ ಮಾಲೆ. ಅಷ್ಟೇ. ಗೊಬ್ಬರ ಎರಡಕ್ಕೂ ಒಂದೇ ಅಳತೆ ಹಾಕಿದ್ದೆ. ಇದನ್ನು ಈಗ ಎಲ್ಲರೂ ಮಲ್ಚಿಂಗ್ ಅನ್ನುತ್ತಾರೆ, ತೋಟದವರು ಮುಚ್ಚಿಗೆ ಅನ್ನುತ್ತಾರೆ, ನೈಸರ್ಗಿಕ ಕೃಷಿಯವರ ಬಾಯಲ್ಲಿ ಆಚ್ಛಾದನ. ನನಗೆ ಹೊದಿಕೆ ಅನ್ನುವುದೇ ರೂಢಿ.

ಇದನ್ನು ಯಾಕೆ ಇವತ್ತೇ ಹೇಳಬೇಕು ಅನ್ನಿಸಿತು ಅಂದರೆ, ಈಗ ನಮ್ಮ ಊರಿನ ತುಂಬ ಎಲೆ ಉದುರುತ್ತಿದೆ. ಬೇವು, ಹೊಂಗೆ, ಅರಳಿ, ಸಾಗವಾನಿ, ಒಂದರ ಹಿಂದೆ ಒಂದು. ಬೆಳಿಗ್ಗೆ ವಾಕಿಂಗ್‌ಗೆ ಹೋದರೆ ಪ್ರತಿ ಓಣಿಯ ಮೂಲೆಯಲ್ಲೂ ಒಂದು ಗುಡ್ಡೆ, ಗುಡ್ಡೆಯಲ್ಲಿ ಬೆಂಕಿ, ಕಣ್ಣುರಿಯುವ ಹೊಗೆ. ಅಂಗಳ ಸ್ವಚ್ಛ ಆಯಿತು ಅಂತ ಮನೆಯವರು ಒಳಗೆ ಹೋಗುತ್ತಾರೆ. ಅದೇ ಮನೆಯವರು ಸಂಜೆ ಪೈಪ್ ಹಿಡಿದು, ಬಿರಿದ ನೆಲಕ್ಕೆ ನೀರು ಬಿಡುತ್ತ ನಿಂತಿರುತ್ತಾರೆ. ನನಗೆ ನಿಜಕ್ಕೂ ಸಂಕಟ ಆಗುತ್ತದೆ. ಬಯಲಲ್ಲಿ ಕಸ ಸುಡುವುದನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರ ಡಿಸೆಂಬರ್‌ನಲ್ಲೇ ಇಡೀ ದೇಶದಲ್ಲಿ ನಿಷೇಧಿಸಿದೆ, ಸುಟ್ಟರೆ 5,000 ರೂಪಾಯಿ, ದೊಡ್ಡ ಪ್ರಮಾಣದಲ್ಲಿ ಸುಟ್ಟರೆ 25,000 ರೂಪಾಯಿ ದಂಡ ಅಂತಲೂ ಹೇಳಿದೆ. ಕಾನೂನಿನ ಮಾತು ಇರಲಿ. ಸುಟ್ಟಾಗ ಆ ಎಲೆಯ ಸಾರಜನಕ ಹೊಗೆಯಲ್ಲಿ ಹೋಗಿಬಿಡುತ್ತದೆ. ಉಳಿಯುವುದು ಬೂದಿ. ಬೂದಿ ಗಿಡಕ್ಕೆ ಒಳ್ಳೆಯದು ಅಂತ ನೀವು ಹೇಳಬಹುದು. ಹುಳಿ ಮಣ್ಣಿಗೆ ಹೌದು. ನಮ್ಮ ಎರೆ ಮಣ್ಣಿನಲ್ಲಿ ಮೊದಲೇ ಸುಣ್ಣದ ಅಂಶ ಜಾಸ್ತಿ, ಗುಣವೂ ಕ್ಷಾರ. ಅದಕ್ಕೆ ಮತ್ತೆ ಬೂದಿ ಸುರಿದರೆ ಕ್ಷಾರ ಇನ್ನೂ ಏರುತ್ತದೆ.

ಒಂದು ವಿಷಯ ಗಮನಿಸಿ. ಈ ಮರಗಳು ಎಲೆ ಉದುರಿಸುವುದು ಬಿಸಿಲು ಏರುವ ಹೊತ್ತಿಗೆ ಸರಿಯಾಗಿ. ಉದುರಿದ ಎಲೆ ಬೀಳುವುದು ಅವುಗಳದೇ ಬೇರಿನ ಮೇಲೆ. ಅಲ್ಲಿಂದ ಎತ್ತದೆ ಬಿಟ್ಟರೆ ಏಪ್ರಿಲ್, ಮೇ ಪೂರ್ತಿ ಬುಡ ಮುಚ್ಚಿಯೇ ಇರುತ್ತದೆ. ಕರ್ನಾಟಕ ವಿಶ್ವವಿದ್ಯಾಲಯದ ಆವರಣದಲ್ಲಿ ನಡೆಯಲು ಹೋಗುವವರು ಒಮ್ಮೆ ಗುಡಿಸದ ಯಾವುದಾದರೂ ಮರದ ಕೆಳಗೆ ಬಗ್ಗಿ ಎಲೆ ಸರಿಸಿ ನೋಡಿ. ಮೇಲೆ ಗರಿಗರಿ ಎಲೆ, ಕೆಳಗೆ ಅರ್ಧ ಕೊಳೆತದ್ದು, ಅದರ ಕೆಳಗೆ ಎಲೆಯೋ ಮಣ್ಣೋ ಅಂತ ಹೇಳಲಾಗದ ಕಪ್ಪು ಪುಡಿ.

ಈಗ ನಮ್ಮ ಮಣ್ಣಿನ ಕಥೆಗೆ ಬರೋಣ. ಧಾರವಾಡದಿಂದ ಪೂರ್ವಕ್ಕೆ ಹೊರಟರೆ ಹುಬ್ಬಳ್ಳಿ, ಅಣ್ಣಿಗೇರಿ, ನವಲಗುಂದ, ಗದಗ, ಬಹುಪಾಲು ಎರೆ ಭೂಮಿಯೇ. ದಕ್ಷಿಣಕ್ಕೆ ಕಲಘಟಗಿ ಕಡೆ ಕೆಂಪು ಮಸಾರಿ ಶುರುವಾಗುತ್ತದೆ. ಎರೆ ಮಣ್ಣಿನ ಜೇಡಿ ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಕುಗ್ಗಿದಾಗ ಬಿರುಕು. ನಮ್ಮ ಅಜ್ಜನ ಹೊಲ ನವಲಗುಂದದ ಕಡೆ. ಚಿಕ್ಕವರಿದ್ದಾಗ ಬೇಸಿಗೆ ರಜೆಗೆ ಹೋದರೆ ನಾವು ಹುಡುಗರು ಜೋಳದ ದಂಟನ್ನು ಬಿರುಕಿನೊಳಗೆ ಇಳಿಬಿಟ್ಟು ಯಾರದು ಜಾಸ್ತಿ ಆಳಕ್ಕೆ ಹೋಗುತ್ತದೆ ಅಂತ ಪಂದ್ಯ ಕಟ್ಟುತ್ತಿದ್ದೆವು. ಕೆಲವು ಕಡೆ ನಮ್ಮ ಸೊಂಟದುದ್ದದ ದಂಟೂ ಪೂರ್ತಿ ಇಳಿಯುತ್ತಿತ್ತು. ಆಗ ಅದು ಆಟ. ಈಗ ಯೋಚಿಸಿದರೆ, ಆ ಒಂದೊಂದು ಬಿರುಕೂ ಒಳಗಿನ ತೇವ ಹೊರಗೆ ಹೋಗುವ ದಾರಿ. ನೆಲದ ಮೇಲ್ಮೈ ಮಾತ್ರ ಒಣಗುವುದಿಲ್ಲ, ಬಿರುಕಿನ ಎರಡೂ ಗೋಡೆಯಿಂದ ಗಾಳಿ ತೇವ ಹೀರುತ್ತದೆ. ಬಿರುಕು ಬಿಡುವಾಗ ಸಣ್ಣ ಬೇರುಗಳೂ ಹರಿಯುತ್ತವೆ.

ಅಜ್ಜನಿಗೆ ಇದು ಗೊತ್ತಿತ್ತು. ಬೆಳೆ ಸಾಲಿನ ನಡುವೆ ಎಡೆಕುಂಟೆ, ಅಂದರೆ ಕಳೆ ತೆಗೆಯಲು ಎತ್ತು ಎಳೆಯುವ ಕುಂಟೆ, ಹೊಡೆಯುತ್ತಿದ್ದ, ಕಸ ಇಲ್ಲದಿದ್ದರೂ ಹೊಡೆಯುತ್ತಿದ್ದ. ಕಸವೇ ಇಲ್ಲವಲ್ಲ, ಮತ್ತ್ಯಾಕೆ ಅಂತ ಕೇಳಿದರೆ "ಭೂಮಿ ಬಾಯಿ ಬಿಟ್ಟೈತಿ, ಮುಚ್ಚಬೇಕು ತಮ್ಮಾ" ಅನ್ನುತ್ತಿದ್ದ. ಕುಂಟೆ ಹಾದಾಗ ಮೇಲಿನ ಮಣ್ಣು ಪುಡಿಯಾಗಿ ಬಿರುಕಿನ ಬಾಯಿ ತುಂಬುತ್ತದೆ, ಆ ಪುಡಿಯೇ ಒಂದು ಹೊದಿಕೆ. ಮಲ್ಚಿಂಗ್ ಹೊರಗಿನಿಂದ ಬಂದ ಹೊಸ ವಿದ್ಯೆ ಅಂತ ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ನಮ್ಮ ಒಕ್ಕಲುತನದಲ್ಲಿ ಅದು ಮೊದಲಿಂದಲೂ ಇದೆ. ನಮ್ಮ ಹಿತ್ತಲಿಗೆ ಎತ್ತು, ಕುಂಟೆ ತರಲಾಗುವುದಿಲ್ಲ. ಆ ಕೆಲಸ ಎಲೆಯಿಂದ ಮಾಡಿಸಿಕೊಳ್ಳಬೇಕು. ಎಲೆಯಲ್ಲಿ ಇನ್ನೊಂದು ಲಾಭ ಇದೆ, ಪುಡಿ ಮಣ್ಣು ಮಣ್ಣಾಗಿಯೇ ಉಳಿಯುತ್ತದೆ, ಎಲೆ ಕೊಳೆತು ಗೊಬ್ಬರವಾಗುತ್ತದೆ.

ನೀರಿನ ಲೆಕ್ಕ ಹೇಳುತ್ತೇನೆ. ಒಂದು ಚದರ ಮೀಟರ್ ನೆಲದಿಂದ ಒಂದು ಮಿಲಿಮೀಟರ್ ತೇವ ಆವಿಯಾದರೆ ಒಂದು ಲೀಟರ್ ಹೋಯಿತು ಅಂತ ಅರ್ಥ. ಹತ್ತಡಿ ಉದ್ದ ಹತ್ತಡಿ ಅಗಲದ ಮಡಿ ಒಂಬತ್ತು ಚದರ ಮೀಟರ್‌ಗಿಂತ ಸ್ವಲ್ಪ ಜಾಸ್ತಿ. ಅಂದರೆ ಒಂದು ಮಿಲಿಮೀಟರ್‌ಗೆ ಒಂಬತ್ತು ಲೀಟರ್‌ಗೂ ಮೇಲೆ, ಹೆಚ್ಚುಕಡಿಮೆ ಒಂದು ಸಣ್ಣ ಬಕೆಟ್. ಈ ಬಿಸಿಲಲ್ಲಿ, ಈ ಗಾಳಿಯಲ್ಲಿ ಈಗಷ್ಟೇ ನೀರು ಕುಡಿದ ಬರಿ ನೆಲ ದಿನಕ್ಕೆ ಹಲವು ಮಿಲಿಮೀಟರ್ ಕಳೆದುಕೊಳ್ಳುತ್ತದೆ. ಗಿಡ ಕುಡಿದದ್ದಲ್ಲ ಅದು, ಸುಮ್ನೆ ಗಾಳಿಗೆ ಹೋದದ್ದು. ನಮ್ಮ ಅವಳಿ ನಗರ ಕುಡಿಯುವುದು ಬಹುಪಾಲು ಮಲಪ್ರಭೆಯ ನೀರು, ಸವದತ್ತಿ ಹತ್ತಿರದ ನವಿಲುತೀರ್ಥದ ಆಣೆಕಟ್ಟಿನಿಂದ ಎತ್ತಿ ತಂದದ್ದು. ನಮ್ಮ ಓಣಿಯಲ್ಲಿ ಬೇಸಿಗೆಗೆ ನಲ್ಲಿ ಬರುವುದು ವಾರಕ್ಕೆ ಒಮ್ಮೆ. ಅಂಥ ನೀರನ್ನು ಬಕೆಟ್‌ಗಟ್ಟಲೆ ಗಾಳಿಗೆ ಬಿಡೋಕೆ ನನ್ನ ಮನಸ್ಸು ಒಪ್ಪುವುದಿಲ್ಲ. ಹೊದಿಕೆ ಹಾಕುವ ಮೊದಲು ನಾನು ಬದನೆ, ಮೆಣಸಿನ ಗಿಡಕ್ಕೆ ದಿನ ಬಿಟ್ಟು ದಿನ ನೀರು ಕೊಡುತ್ತಿದ್ದೆ. ಈಗ ನಾಲ್ಕೈದು ದಿನಕ್ಕೆ ಒಮ್ಮೆ ಸಾಕಾಗುತ್ತದೆ.

ಆದರೆ ಹೊದಿಕೆ ನೀರು ಹುಟ್ಟಿಸುವುದಿಲ್ಲ. ಇದ್ದ ತೇವ ನಿಧಾನಕ್ಕೆ ಹೋಗುವ ಹಾಗೆ ಮಾಡುತ್ತದೆ, ಅಷ್ಟೇ. ಒಂದೂವರೆ ತಿಂಗಳು ನೀರೇ ಬಿಡದಿದ್ದರೆ ಮುಚ್ಚಿದ ನೆಲವೂ ಒಣಗುತ್ತದೆ. ಆಮೇಲೆ, ಒಣಗಿ ಕಲ್ಲಾದ ನೆಲದ ಮೇಲೆ ಎಲೆ ಹಾಕಿ ಕೂತರೆ ಅದು ಒಣ ನೆಲವನ್ನೇ ಕಾಯುತ್ತದೆ. ಬೇಸಿಗೆಯ ಅಡ್ಡಮಳೆ ನಾಲ್ಕು ಹನಿ ಬಿದ್ದರೆ ಅದನ್ನೂ ಎಲೆಯೇ ಕುಡಿದುಬಿಡುತ್ತದೆ, ಮಣ್ಣಿಗೆ ಮುಟ್ಟುವುದಿಲ್ಲ. ಹಾಗಾಗಿ ಮೊದಲು ನೆಲ ಚೆನ್ನಾಗಿ ತೋಯಿಸಿ, ಒಂದು ಗೇಣು ಆಳಕ್ಕೆ ನೀರು ಇಳಿಯಲಿ, ಮಾರನೆಯ ದಿನ ಹೊದಿಕೆ ಹಾಕಿ. ವರ್ಷದಲ್ಲಿ ಎಲ್ಲಕ್ಕಿಂತ ಒಳ್ಳೆಯ ಹೊತ್ತು ಯಾವುದು ಅಂದರೆ ಶೀಗಿ ಹುಣ್ಣಿಮೆಯಿಂದ ಸ್ವಾತಿ ಮಳೆ ಮುಗಿಯುವ ತನಕ, ಅಂದರೆ ಅಕ್ಟೋಬರ್‌ನಿಂದ ನವೆಂಬರ್ ಮೊದಲ ವಾರದವರೆಗೆ. ನಮ್ಮ ಹಳ್ಳಿಗಳಲ್ಲಿ ಶೀಗಿ ಹುಣ್ಣಿಮೆಗೆ ಹೊಲಕ್ಕೆ ಹೋಗಿ, ಬಸುರಿ ಹೆಂಗಸಿಗೆ ಮಾಡುವ ಹಾಗೆ ಭೂಮಿತಾಯಿಗೆ ಬಯಕೆ ಅಡಿಗೆ ಮಾಡಿ ಚರಗ ಚೆಲ್ಲುತ್ತೇವಲ್ಲ, ಆ ಹೊತ್ತಿಗೆ ಹಿಂಗಾರಿ ಮಳೆಯಿಂದ ನೆಲ ತುಂಬಿಕೊಂಡಿರುತ್ತದೆ. ಆ ತೇವ ಮುಚ್ಚಿಟ್ಟರೆ ಸಂಕ್ರಾಂತಿ ದಾಟಿಯೂ ಕೈಗೆ ತಣ್ಣಗೆ ಸಿಗುತ್ತದೆ. ಈಗ ಮಾರ್ಚ್‌ನಲ್ಲಿ ಹಾಕುವವರು ನೀರು ಕೊಟ್ಟೇ ಹಾಕಬೇಕು.

ಮಳೆಗಾಲದ್ದು ಬೇರೆ ವಿಷಯ. ದೊಡ್ಡ ಮಳೆಹನಿ ನೆಲ ಮುಟ್ಟುವಾಗ ಗಂಟೆಗೆ ಸುಮಾರು 30 ಕಿಲೋಮೀಟರ್ ವೇಗದಲ್ಲಿರುತ್ತದೆ. ಬರಿ ನೆಲಕ್ಕೆ ಅದು ಸಣ್ಣ ಸುತ್ತಿಗೆ ಏಟು. ಮಣ್ಣಿನ ಕಣ ಒಡೆದು, ಸಂದುಗೊಂದು ಮುಚ್ಚಿ, ಒಣಗಿದಾಗ ಮೇಲೆ ಹಪ್ಪಳದಂಥ ಪದರ ಕಟ್ಟುತ್ತದೆ. ಮಸಾರಿ ಮಣ್ಣಿನವರಿಗೆ ಇದು ಚೆನ್ನಾಗಿ ಗೊತ್ತು, ಕೊತ್ತಂಬರಿ ಬೀಜ ಆ ಪದರ ಒಡೆದು ಮೇಲೆ ಬರಲು ಒದ್ದಾಡುತ್ತದೆ. ಮೇಲೆ ಎಲೆ ಇದ್ದರೆ ಹನಿ ಎಲೆಯ ಮೇಲೆ ಒಡೆದು ಮೆಲ್ಲಗೆ ಇಳಿಯುತ್ತದೆ. ಟೊಮೆಟೊ ಬೆಳೆಯುವವರು ಇನ್ನೊಂದು ನೋಡಿರುತ್ತೀರಿ, ರೋಗ ಮೊದಲು ಹತ್ತುವುದು ಕೆಳಗಿನ ಎಲೆಗೆ. ಮಣ್ಣಿನಲ್ಲಿರುವ ರೋಗದ ಬೀಜಕಣ ಮಳೆಯ ಕೆಸರಿನ ಜೊತೆ ಸಿಡಿದು ಅಲ್ಲಿ ಕೂರುತ್ತದೆ. ಕೆಸರು ಸಿಡಿಯದಿದ್ದರೆ ಆ ದಾರಿ ಅರ್ಧ ಬಂದ್ ಆದ ಹಾಗೆ.

ಕಸ, ಅಂದರೆ ಕಳೆ, ಕಡಿಮೆ ಆಗುತ್ತದೆ ಅನ್ನುವುದು ನಿಜ, ಯಾಕೆಂದರೆ ಬೆಳಕು ಕಾಣದೆ ಸಣ್ಣ ಬೀಜಗಳು ಮೇಲೆ ಬರುವುದಿಲ್ಲ. ಜೇಕು ಮತ್ತು ಕರಿಕೆಯ ವಿಷಯದಲ್ಲಿ ಮಾತ್ರ ಈ ಭರವಸೆ ಇಟ್ಟುಕೊಳ್ಳಬೇಡಿ. ಜೇಕು ಪ್ಲಾಸ್ಟಿಕ್ ಹಾಳೆಯನ್ನೇ ತೂತು ಮಾಡಿ ಏಳುತ್ತದೆ, ಎಲೆ ಅದಕ್ಕೆ ಯಾವ ಲೆಕ್ಕ? ಅದನ್ನು ಗಡ್ಡೆ ಸಮೇತ ಕಿತ್ತ ಮೇಲೆಯೇ ಹೊದಿಕೆ ಹಾಕಿ.

ಪ್ಲಾಸ್ಟಿಕ್ ಅಂದಾಗ ಹೇಳಿಬಿಡುತ್ತೇನೆ. ಹಾವೇರಿ, ಗದಗ ಕಡೆ ಮೆಣಸಿನಕಾಯಿ, ಕಲ್ಲಂಗಡಿ ಹೊಲದಲ್ಲಿ ಬೆಳ್ಳಿ ಬಣ್ಣದ ಹಾಳೆ ಹಾಸುತ್ತಾರೆ. ಎಕರೆಗಟ್ಟಲೆ ಬೆಳೆಯುವವರ ಕಷ್ಟ ಅವರಿಗೆ ಗೊತ್ತು, ಅವರನ್ನು ನಾನು ತಪ್ಪು ಅನ್ನುವುದಿಲ್ಲ. ಮನೆ ಹಿತ್ತಲಿಗೆ ಅದು ಬೇಡವೇ ಬೇಡ. ಅದು ತೇವ ಹಿಡಿಯುತ್ತದೆ, ಮಣ್ಣಿಗೆ ಊಟ ಕೊಡುವುದಿಲ್ಲ, ಹರಿದ ಮೇಲೆ ಚೂರು ಚೂರಾಗಿ ಮಣ್ಣಲ್ಲೇ ಉಳಿಯುತ್ತದೆ. ನಾಲ್ಕು ಬೆರಳು ಎಲೆ ವರ್ಷದೊಳಗೆ ಅರ್ಧಕ್ಕಿಂತ ಕೆಳಗೆ ಇಳಿಯುತ್ತದಲ್ಲ, ಆ ಇಳಿದದ್ದೆಲ್ಲ ಎರೆಹುಳು, ಶಿಲೀಂಧ್ರ, ಬ್ಯಾಕ್ಟೀರಿಯಾಗಳ ಹೊಟ್ಟೆಗೆ ಹೋಗಿರುತ್ತದೆ. ಅವು ಉಗುಳಿದ ಅಂಟಿನಿಂದಲೇ ಜೇಡಿಯ ಕಣಗಳು ಕೂಡಿ ಸಣ್ಣ ಸಣ್ಣ ಹರಳಾಗುವುದು. ನಿಮ್ಮ ಕೈಯಲ್ಲಿ ಪುಡಿಯಾಗಿ ಉದುರಿತಲ್ಲ ಎರಡನೇ ಬುಟ್ಟಿಯ ಮಣ್ಣು, ಅದರ ಗುಟ್ಟು ಇದೇ. ಒಂದು ಬೇಸಿಗೆಗೆ ಹಾಗೆ ಆಗಲಿಲ್ಲ. ಆ ಮಡಿಗೆ ಇದು ನಾಲ್ಕನೇ ವರ್ಷ.

ಈಗ ನಾನು ಮಾಡಿದ ಎರಡು ತಪ್ಪು ಹೇಳುತ್ತೇನೆ, ನೀವು ಮಾಡಬೇಡಿ.

ಮೊದಲ ವರ್ಷ ಎಲ್ಲೋ ಓದಿ ಸಾ ಮಿಲ್‌ನಿಂದ ಎರಡು ಚೀಲ ಕಟ್ಟಿಗೆ ಹೊಟ್ಟು ತಂದೆ. ಮೇಲೆ ಹರಡುವ ಬದಲು, ಮಣ್ಣು ಸಡಿಲ ಆಗಲಿ ಅಂತ ಸಲಿಕೆಯಿಂದ ಒಳಗೆ ಕಲಸಿದೆ. ಮೂರು ವಾರಕ್ಕೆ ಮೆಣಸಿನ ಗಿಡ ಪೂರ್ತಿ ಹಳದಿ. ಬುಡದ ಎಲೆ ಮೊದಲು, ಆಮೇಲೆ ಮೇಲಿನವು. ಕಾರಣ ಆಮೇಲೆ ತಿಳಿಯಿತು. ಕೊಳೆಸುವ ಜೀವಿಗಳಿಗೆ ಇಂಗಾಲ ಸುಮಾರು 25 ಪಾಲು ಇದ್ದರೆ ಸಾರಜನಕ ಒಂದು ಪಾಲು ಬೇಕು. ಕಟ್ಟಿಗೆ ಹೊಟ್ಟಿನಲ್ಲಿ ಇಂಗಾಲ ಸಾರಜನಕದ ನೂರಾರು ಪಟ್ಟು ಇರುತ್ತದೆ. ಕೊರತೆ ಬಿದ್ದ ಸಾರಜನಕವನ್ನು ಅವು ಮಣ್ಣಿನಿಂದಲೇ ಎಳೆದುಕೊಂಡವು, ಗಿಡ ಉಪವಾಸ ಬಿತ್ತು. ಶೇಂಗಾ ಹಿಂಡಿ ನೆನೆಸಿದ ನೀರು ವಾರಕ್ಕೊಮ್ಮೆ ಕೊಟ್ಟು ಉಳಿಸಿಕೊಂಡೆ, ಆದರೆ ಆ ಸಲ ಕಾಯಿ ಬರಲಿಲ್ಲ. ಅದೇ ಹೊಟ್ಟು ಮಣ್ಣಿನ ಮೇಲೆ ತೆಳ್ಳಗೆ ಕೂತಿದ್ದರೆ ಈ ತೊಂದರೆ ಮೇಲಿನ ಒಂದು ಪದರದಲ್ಲೇ ಮುಗಿಯುತ್ತಿತ್ತು. ಹೊದಿಕೆ ಮೇಲೇ ಇರಬೇಕು. ಕಲಸಬಾರದು.

ಎರಡನೆಯದು ಪಪ್ಪಾಯಿ. ಪ್ರೀತಿ ಜಾಸ್ತಿಯಾಗಿ ಕಾಂಡದ ಸುತ್ತ ಮೊಣಕಾಲೆತ್ತರ ಹುಲ್ಲು ಒಟ್ಟಿದೆ. ಆಗಸ್ಟ್‌ನಲ್ಲಿ ವಾರಗಟ್ಟಲೆ ಜಿಟಿಜಿಟಿ ಮಳೆ. ಒಂದು ದಿನ ಗಿಡ ವಾಲಿತು, ಹುಲ್ಲು ಸರಿಸಿ ನೋಡಿದರೆ ಬುಡದ ತೊಗಟೆ ಬೆರಳಿಗೇ ಮೆತ್ತಗೆ ಸುಲಿದು ಬಂತು, ಕೆಟ್ಟ ವಾಸನೆ. ಕಾಯಿ ತುಂಬಿದ ಗಿಡ ಅದು, ಇವತ್ತಿಗೂ ಬೇಜಾರಿದೆ. ತರಕಾರಿ ಗಿಡವಾದರೆ ಕಾಂಡದಿಂದ ನಾಲ್ಕು ಬೆರಳು, ಮರವಾದರೆ ಒಂದು ಗೇಣು ಬಿಟ್ಟೇ ಹೊದಿಕೆ ಹಾಕಿ. ಎರೆ ಮಣ್ಣಿನವರು ಮಳೆಗಾಲದಲ್ಲಿ ಅದನ್ನು ತೆಳ್ಳಗೆ ಮಾಡಿ, ಈ ಮಣ್ಣು ಮೊದಲೇ ನೀರು ಹಿಡಿದುಕೊಂಡು ಕೂರುತ್ತದೆ.

ಏನು ಹಾಕಬೇಕು? ದುಡ್ಡು ಕೊಟ್ಟು ತರಬೇಡಿ. ಬೇವಿನ ಎಲೆ, ಹುಣಸೆ ಎಲೆ ಸಣ್ಣ, ಹಾಗೇ ಹರಡಬಹುದು. ಮಾವು, ಸಾಗವಾನಿ ಎಲೆ ದೊಡ್ಡದು, ತಗಡಿನ ಹಾಗೆ ಒಂದರ ಮೇಲೊಂದು ಕೂತು ನೀರು ಇಳಿಯಲು ಬಿಡುವುದಿಲ್ಲ, ತುಳಿದು ಮುರಿದು ಹಾಕಿ. ನೀಲಗಿರಿ, ಅಕೇಶಿಯಾ ಬೇಗ ಕೊಳೆಯುವುದಿಲ್ಲ, ಓಡಾಡುವ ದಾರಿಗೆ ಇರಲಿ. ಹಳ್ಳಿ ನಂಟು ಇರುವವರಿಗೆ ಕಬ್ಬಿನ ರವದಿ (ಒಣ ಗರಿ), ಗೋವಿನಜೋಳದ ದಂಟು, ಕಡಲೆ ಹೊಟ್ಟು ಸಿಗುತ್ತದೆ, ಆದರೆ ದನ ತಿನ್ನುವ ಮೇವನ್ನು ಹೊದಿಕೆಗೆ ತರಬೇಡಿ, ದನ ತಿಂದು ಬಿಟ್ಟದ್ದು ಸಾಕು. ಶೇಂಗಾ ಸಿಪ್ಪೆ ಕುಂಡಗಳಿಗೆ ಬಹಳ ಚಂದ, ತಾರಸಿಯ ಮೇಲೆ ಗಾಳಿಗೂ ಹಾರುವುದಿಲ್ಲ. ಕಬ್ಬಿನ ಹಾಲು ಮಾರುವವರ ಹತ್ತಿರ ಹಿಂಡಿದ ಸಿಪ್ಪೆ ರಾಶಿ ಬಿದ್ದಿರುತ್ತದೆ. ತೊಳೆದು ಒಣಗಿಸಿ ಹಾಕಿ, ಇಲ್ಲದಿದ್ದರೆ ಇರುವೆ ಮುತ್ತುತ್ತದೆ. ಗಣೇಶ ಚೌತಿ, ದಸರೆ ಆದ ಮೇಲೆ ಬಾಳೆಕಂಬ ರಸ್ತೆಗೆ ಬೀಳುತ್ತದಲ್ಲ, ಅದನ್ನು ಮೊಳದುದ್ದ ಕತ್ತರಿಸಿ, ಸೀಳಿ, ಗಿಡದ ನಡುವೆ ಮಲಗಿಸಿ. ಅದರಲ್ಲಿ ನೀರಿದೆ, ಪೊಟ್ಯಾಷ್ ಇದೆ. ಕಾಂಗ್ರೆಸ್ ಕಸ ಹೂ ಬಿಡುವ ಮೊದಲು ಕಿತ್ತಿದ್ದರೆ ಮಾತ್ರ ಹಾಕಬಹುದು, ಅದೂ ಕೈಗವಸು ಹಾಕಿಕೊಂಡು, ಮೈ ತುರಿಕೆ ಬರುತ್ತದೆ. ರೋಗ ಬಂದ ಟೊಮೆಟೊ ಗಿಡ ಬೇಡ.

ಪ್ರಶ್ನೆಗಳಲ್ಲಿ ಮೊದಲು ಎದ್ದವರು ಒಬ್ಬ ಅಜ್ಜಿ.

"ಅಲ್ರೀ, ಎಲಿ ಹಾಸಿದ್ರ ಹಾವು ಬಂದು ಕುಂತ್ರ ಏನ್ ಮಾಡೂದ್ರಿ? ಮನ್ಯಾಗ ಸಣ್ಣ ಹುಡುಗ್ರು ಅದಾವು."

ಅಜ್ಜಿ ಕೇಳಿದ್ದು ಸರಿ. ಹಾವು ಹೆಚ್ಚಾಗಿ ಅಡಗುವುದು ಕಟ್ಟಿಗೆ ಒಟ್ಟು, ಕಲ್ಲಿನ ರಾಶಿ, ಇಲಿ ಬಿಲ ಇರುವಲ್ಲಿ. ಆದರೆ ನಾಲ್ಕು ಬೆರಳು ಎಲೆಯ ಕೆಳಗೂ ಸಣ್ಣ ಹಾವು ಅಡಗಬಹುದು. ಚೇಳೂ ಇರಬಹುದು. ಹಾಗಾಗಿ ಗುಡ್ಡೆ ಮಾಡಬೇಡಿ, ಮನೆ ಗೋಡೆಯಿಂದ ಎರಡು ಅಡಿ ಖಾಲಿ ಬಿಡಿ, ಎಲೆಯೊಳಗೆ ಬರಿಗೈ ಹಾಕುವ ಮೊದಲು ಕೋಲಿನಿಂದ ಸರಿಸಿ. ಮಕ್ಕಳು ಆಡುವ ಜಾಗಕ್ಕೆ ಹಾಕಲೇಬೇಡಿ.

ಇನ್ನೊಬ್ಬರು ಗೆದ್ದಲು ಬಗ್ಗೆ ಕೇಳಿದರು. ಬರುತ್ತದೆ, ಒಣ ಕಟ್ಟಿಗೆ, ಒಣ ದಂಟು ಇದ್ದಲ್ಲಿ ಜಾಸ್ತಿ. ಹೆಚ್ಚಾಗಿ ಅದು ಸತ್ತ ಕಡ್ಡಿಯನ್ನೇ ತಿನ್ನುತ್ತದೆ. ಆದರೆ ಎಳೆಯ ಸಸಿ, ಬಾಡಿದ ಗಿಡ, ಮನೆಯ ಬಾಗಿಲು ಚೌಕಟ್ಟು ಹತ್ತಿರ ಇದ್ದರೆ ಹುಷಾರಾಗಿರಬೇಕು. ಅಲ್ಲಿ ದಂಟು ಬೇಡ, ಎಲೆ ಸಾಕು. ನಾನು ಹೊದಿಕೆಯ ಕೆಳಗೆ ಒಂದು ಹಿಡಿ ಬೇವಿನ ಹಿಂಡಿ ಉದುರಿಸುತ್ತೇನೆ.

"ಸರ್, ಹೊದಿಕಿ ಹಾಕೇನಿ, ಆದ್ರೂ ಗಿಡ ಬಾಡಾಕತ್ತೈತಿ" ಅಂದರು ಒಬ್ಬ ತಮ್ಮ. ಎಷ್ಟು ನೀರು ಕೊಡುತ್ತೀಯಪ್ಪಾ ಅಂತ ಕೇಳಿದೆ. ದಿನಾ ಎರಡು ಕೊಡ ಅಂದ. ಮೊದಲಿನಷ್ಟೇ! ಎಲೆ ಮುಚ್ಚಿದ ಮೇಲೆ ನೀರು ಕಡಿಮೆ ಮಾಡದಿದ್ದರೆ ಬೇರಿಗೆ ಉಸಿರಾಡಲು ಗಾಳಿ ಸಿಗುವುದಿಲ್ಲ, ಬಾಡಿದ ಗಿಡ ನೋಡಿ ನಾವು ಮತ್ತೆ ನೀರು ಸುರಿಯುತ್ತೇವೆ. ಎಲೆ ಸರಿಸಿ ತೋರುಬೆರಳು ಎರಡು ಗೆಣ್ಣು ಆಳಕ್ಕೆ ತೂರಿಸಿ. ತಣ್ಣಗಿದ್ದರೆ ನೀರು ಬೇಡ.

ಎಷ್ಟು ಎಲೆ ಬೇಕು ಅಂತ ಕೇಳಿದವರಿಗೆ ಲೆಕ್ಕ: ಹತ್ತಡಿ ಹತ್ತಡಿ ಮಡಿಗೆ ಮೂರು ಇಂಚು ದಪ್ಪ ಅಂದರೆ 25 ಘನ ಅಡಿ, ಹಗುರವಾಗಿ ತುಂಬಿದ ದೊಡ್ಡ ಗೋಣಿ ಚೀಲ ಏಳೆಂಟು. ಜಾಸ್ತಿ ಅನ್ನಿಸುತ್ತದೆ. ಆದರೆ ಈ ಪಾರ್ಕಿನ ಗೇಟಿನ ಹತ್ತಿರದ ಎರಡು ಬೇವಿನ ಮರಗಳ ಎಲೆಯೇ ಹೋದ ವಾರ ಐದು ಚೀಲ ಆಯಿತು. ಗುಡಿಸುವ ಅಕ್ಕನವರ ಜೊತೆ ಮಾತಾಡಿದ್ದೇನೆ, ಇನ್ನು ಬೆಂಕಿ ಹಚ್ಚುವುದಿಲ್ಲ, ಹಿಂದಿನ ಕಟ್ಟೆಯ ಪಕ್ಕ ಒಟ್ಟುತ್ತೇನೆ ಅಂದಿದ್ದಾರೆ. ಪ್ಲಾಸ್ಟಿಕ್, ಗುಟ್ಕಾ ಚೀಟಿ ಆರಿಸಿ ತೆಗೆಯುವ ಕೆಲಸ ನಮ್ಮದು. ನಾಳೆ ಬೆಳಿಗ್ಗೆ ಏಳಕ್ಕೆ ನಾನು ಅಲ್ಲಿರುತ್ತೇನೆ, ಬೇಕಾದವರು ಗೋಣಿ ಚೀಲ, ಕಟ್ಟಲು ಒಂದಿಷ್ಟು ಸುತ್ತಲಿ ತಗೊಂಡು ಬನ್ನಿ.